ಆ ದಿನ ಮಾತ್ರ

ವಿನೋಬನಗರದ ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋದೆ.
ಗಾಜಿನ ಬಾಗಿಲು, ಒಳಗೆ ಸುಳ್ಳು ಗುಲಾಬಿಯ ಕಮಾನು.
ತನುಜಾ ಮೇಡಂ ಮೂರು ಹಾಳೆ ಹರವಿದರು,
ಸೀರೆಯಂಗಡಿಯವ ಮಡಿಕೆ ಬಿಡಿಸುವ ಹಾಗೆ.

ಪೂರ್ತಿ: ಚಪ್ಪರದಿಂದ ಚಪ್ಪಲಿ ಕಾಯುವ ತನಕ ಎಲ್ಲ ಅವರದೇ.
'ನೀವು ನೆಂಟರ ಥರ ಬಂದರಾಯಿತು.'
ಅರ್ಧ: ಹೂವು, ಊಟ, ಫೋಟೊದವರನ್ನು ಹುಡುಕಿ ಕೊಡುತ್ತಾರೆ,
ಚೌಕಾಸಿ ಮಾತ್ರ ನಮ್ಮದು.
ಮೂರನೆಯದು ತೆಳು ಹಾಳೆ. ಆ ದಿನ ಮಾತ್ರ.
ಅದನ್ನು ಅವರು ಪೂರ್ತಿ ಓದಿ ಹೇಳಲಿಲ್ಲ.

ನಾನು ಪಿಗ್ಮಿ ಕಟ್ಟಿಸಿಕೊಳ್ಳುವವಳು.
ಹನ್ನೊಂದು ವರ್ಷದಿಂದ ಗಾಂಧಿ ಬಜಾರಿನ ಈ ತುದಿಯಿಂದ ಆ ತುದಿಗೆ,
ಸಂಜೆ ಸಂಜೆ, ಐವತ್ತು, ನೂರು.
ಹೂವಿನ ಕರಿಬಸಣ್ಣ ಮೊಳಕ್ಕೆ ಎಷ್ಟು ಬೆರಳು ನುಂಗುತ್ತಾನೆ, ಗೊತ್ತು.
ಶಾಮಿಯಾನದ ಜಬೀವುಲ್ಲಾ ಸಾಹೇಬರು
ಬಾಯಲ್ಲಿ ಹೇಳಿದ್ದೇ ಬಾಂಡು ಪೇಪರು, ಅದೂ ಗೊತ್ತು.
ಅಡುಗೆಯ ಸೀತಾರಾಮ ಭಟ್ಟರ ಕಂತು ತಪ್ಪಿದ ತಿಂಗಳು
ಪಾಯಸದಲ್ಲಿ ಗೋಡಂಬಿಯೂ ತಪ್ಪುತ್ತದೆ.
ಇವರನ್ನೇ ನನಗೆ ಹುಡುಕಿಕೊಡಲು
ಇನ್ನೊಬ್ಬರಿಗೆ ಯಾಕೆ ದುಡ್ಡು?

'ಹಾಗಾದರೆ ನಿಮಗೆ ನಾವು ಬೇಡವೇ ಬೇಡ'
ಎಂದು ನಕ್ಕು ಮೇಡಂ ಹಾಳೆ ಜೋಡಿಸತೊಡಗಿದರು.

ಬೇಡವೇನೋ. ಎದ್ದೆ ಕೂಡ.
ಚಪ್ಪಲಿ ಮೆಟ್ಟುವಾಗ ಅವ್ವನ ಸೊಂಟ ನೆನಪಾಯಿತು,
ಅಲ್ಲಿ ಸಿಕ್ಕಿಸಿದ ಉಗ್ರಾಣದ ಬೀಗದ ಕೈ.

ನಮ್ಮ ಕೇರಿಯ ಮದುವೆಗಳಿಗೆಲ್ಲ ಅವ್ವನದೇ ಉಗ್ರಾಣ.
ಬಂಗಾರಮ್ಮ ಒಳಗಿದ್ದಾಳೆಂದರೆ ಹಿಡಿ ಅಕ್ಕಿ ಆಚೀಚೆ ಆಗದು.
ಅಕ್ಕನ ಕೊರಳಿಗೆ ತಾಳಿ ಬೀಳುವಾಗ
ಅವ್ವ ಬೆಲ್ಲದ ಅಚ್ಚು ಎಣಿಸುತ್ತಿದ್ದಳು.
ಗಟ್ಟಿಮೇಳ ಕಿವಿಗೆ ಬಿತ್ತು,
ಮದುವೆ ಕಣ್ಣಿಗೆ ಬೀಳಲಿಲ್ಲ.
ಆಮೇಲೆ ಆಲ್ಬಮ್ಮು ತಿರುವಿ 'ಚೆನ್ನಾಗಿ ಬಂದಿದೆ' ಅಂದಳು,
ಬೇರೆ ಯಾರದೋ ಮನೆಯದು ಎಂಬಂತೆ.

ತಿರುಗಿ ಬಂದೆ. ತೆಳು ಹಾಳೆ ಎಳೆದುಕೊಂಡೆ.
'ಇದರಲ್ಲಿ ಒಂದು ಕೆಲಸ ಸೇರಿಸಿ.
ನಮ್ಮವ್ವನನ್ನು ಕುರ್ಚಿಯಲ್ಲಿ ಕೂರಿಸಿಡುವುದು. ರೇಟೆಷ್ಟು?'

ಮೇಡಂ ಪೆನ್ನಿನ ಮುಚ್ಚಳ ತೆಗೆದರು.
ತುಸು ಹೊತ್ತು ಏನೂ ಬರೆಯಲಿಲ್ಲ.
'ಎಷ್ಟು ಹೊತ್ತು ಕೂರಿಸಬೇಕು?' ಎಂದರು ಕೊನೆಗೆ.
ಮುಹೂರ್ತದ ಹಿಂದೆ ಅರ್ಧ ಗಂಟೆ, ಮುಂದೆ ಅರ್ಧ ಗಂಟೆ.
ಆಮೇಲೆ ಅವಳ ಉಗ್ರಾಣ ಅವಳಿಗೆ.

ಮದುವೆಯ ದಿನ ಕಿವಿಗೆ ವೈರು ಸಿಕ್ಕಿಸಿಕೊಂಡು
ಸಿಂಚನಾ ಅನ್ನುವ ಹುಡುಗಿ ಬಂದಳು.
ಇಪ್ಪತ್ತೆರಡೂ ದಾಟಿರಲಾರದು.
ವೋಲಗದವರ ಮೇಲೆ ಕೂಗಾಡುತ್ತಿದ್ದ ದೊಡ್ಡಪ್ಪನಿಗೆ
ಕಾಫಿ ಲೋಟ ಕೊಟ್ಟು ಬಾಯಿ ಮುಚ್ಚಿಸಿದಳು.
ಬೀಗದ ಕೈ ಮಾತ್ರ ಸಿಗಲಿಲ್ಲ ಅವಳಿಗೆ.
ಆಮೇಲೆ ಸಿಕ್ಕಿತು, ಎರಡು ಸಲ ವಾಪಸು ಹೋಗಿ,
ಸಕ್ಕರೆ ಮೂಟೆ ಎಷ್ಟೆಂದು ಬಾಯಿಪಾಠ ಒಪ್ಪಿಸಿದ ಮೇಲೆ.
'ಕೂತ್ಕೊಳ್ಳಿ ಅಜ್ಜಿ' ಅಂದಳಂತೆ.
'ನಾನ್ಯಾವ ಅಜ್ಜಿಯೇ ನಿನಗೆ' ಎಂದು ಸಿಟ್ಟಾದ ಅವ್ವ
ಅದೇ ಸಿಟ್ಟಿನಲ್ಲಿ ಕೂತುಬಿಟ್ಟಳು,
ಮುಂದಿನ ಸಾಲು, ಎಡದಿಂದ ಎರಡನೇ ಕುರ್ಚಿ.

ಸಂಜೆ, ನನ್ನನ್ನು ಕಳಿಸಿಕೊಡುವ ಮುಂಚೆ,
ಲಾಡು ಡಬ್ಬಿಗೆ ತುಂಬುತ್ತ ಒಂದೇ ಸಮ ಗೊಣಗಿದಳು:
ಸಾರಿಗೆ ಉಪ್ಪು ಏರಿತ್ತು,
ಎಲೆ ನಲವತ್ತು ದಂಡ,
ಆ ಹುಡುಗಿಗೆ ಸುರಿದ ದುಡ್ಡಿಗೆ ಒಂದು ಮಿಕ್ಸಿ ಬರುತ್ತಿತ್ತು.

ಮುಚ್ಚಳ ಒತ್ತಿದಳು. ನನ್ನ ಕಡೆ ನೋಡಲಿಲ್ಲ.
'ಹಾಲೇಶನ ಕೈ ನಡುಗಿತಲ್ಲೇ, ಮೂರನೇ ಗಂಟಿಗೆ.'

ನಾನು ತಲೆ ತಗ್ಗಿಸಿ ಕೂತಿದ್ದೆ ಆಗ.
ನನಗೆ ಗೊತ್ತಿರಲಿಲ್ಲ.